ನಡಾವಳಿ ಓದುವವರು ಬೇಕಾಗಿದ್ದಾರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗ್ರಂಥಾಲಯಗಳಲ್ಲಿ ಕೂತು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ನಾನು ಮಲ್ಲಸಮುದ್ರದ ಒಬ್ಬ ನಿವೃತ್ತ ಶಿಕ್ಷಕಿ.

ನಿಮ್ಮನ್ನು ನಾನು ದಿನಾ ನೋಡುತ್ತೇನೆ. ಬೆಳಿಗ್ಗೆ ಮುಳಗುಂದ ಕಡೆಯಿಂದ ಬರುವ ಬಸ್ಸಿನಲ್ಲಿ ನಮ್ಮೂರಿನ ಮೆಡಿಕಲ್ ಕಾಲೇಜಿನ ಮುಂದೆ ರೋಗಿಗಳು ಇಳಿಯುತ್ತಾರೆ, ನೀವು ಹಾಗೇ ಕೂತಿರುತ್ತೀರಿ. ತೊಡೆಯ ಮೇಲೆ ಬುತ್ತಿಯ ಚೀಲ, ಕೈಯಲ್ಲಿ ಅಂಚು ಸವೆದ ಪ್ರಶ್ನೋತ್ತರದ ಪುಸ್ತಕ. ಗದಗಿನಲ್ಲಿ ಇಳಿದು ನೆಟ್ಟಗೆ ಗ್ರಂಥಾಲಯಕ್ಕೆ ಹೋಗುತ್ತೀರಿ. ಕುರ್ಚಿ ಸಿಗದ ದಿನ ಮೆಟ್ಟಿಲ ಮೇಲೆ ಕೂತು ಓದುವುದನ್ನೂ ಕಂಡಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳಿಗೆ ಆ ನೋಟ ಕೊಡುವ ಸಂತೋಷ ದೊಡ್ಡದು. ಆ ಸಂತೋಷದ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಸಂವಿಧಾನದ 74ನೇ ತಿದ್ದುಪಡಿ ಯಾವಾಗ ಜಾರಿಗೆ ಬಂತು ಎಂದು ನಿದ್ದೆಯಲ್ಲಿ ಕೇಳಿದರೂ ನೀವು 1993ರ ಜೂನ್ 1 ಎನ್ನುತ್ತೀರಿ. 12ನೇ ಅನುಸೂಚಿಯ 18 ವಿಷಯಗಳು ನಿಮಗೆ ಬಾಯಿಪಾಠ. ನನ್ನದು ಇನ್ನೊಂದು ಪ್ರಶ್ನೆ. ನಿಮ್ಮೂರಿನ ನಗರಸಭೆಯದೋ ಪುರಸಭೆಯದೋ ಕೊನೆಯ ಸಾಮಾನ್ಯ ಸಭೆ ಯಾವ ತಾರೀಖು ನಡೆಯಿತು? ಅವತ್ತಿನ ವಿಷಯಗಳು ಏನಿದ್ದವು? ಪರಿಚಯದ ಹತ್ತಾರು ಜನರನ್ನು ಇದನ್ನು ಕೇಳಿದ್ದೇನೆ. ವಕೀಲರು, ಮಾಸ್ತರರು, ಅಂಗಡಿಯವರು, ದಿನಾ ನಾಲ್ಕು ಪೇಪರ್ ಓದುವವರು, ಒಬ್ಬರೂ ಹೇಳಲಿಲ್ಲ. ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಹೇಳುತ್ತಿರಲಿಲ್ಲ. ಹಾಗಾಗಿ ಇದರಲ್ಲಿ ನಿಮ್ಮನ್ನು ದೂರುವ ಮಾತಿಲ್ಲ.

ಯಾಕೆ ಹೀಗೆ ಎಂದು ಹುಡುಕುತ್ತ ಹೋದರೆ ಉತ್ತರ ನಿಮ್ಮ ಪುಸ್ತಕದಲ್ಲೇ ಇದೆ. 243ಎಸ್ ವಿಧಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ವಾರ್ಡ್ ಸಮಿತಿಗಳು ಕಡ್ಡಾಯ, ಆದರೆ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆ ಇರುವ ಊರುಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿ ಅವಳಿ ನಗರದ ಜನ ಸುಮಾರು 1.72 ಲಕ್ಷ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಮೂರನ್ನೂ ಅದಕ್ಕೆ ಕೂಡಿಸಿದರೂ 3 ಲಕ್ಷ ಮುಟ್ಟುವುದಿಲ್ಲ. ಹಳ್ಳಿಯ ಕಥೆ ಬೇರೆ. ಅಲ್ಲಿ ಗ್ರಾಮಸಭೆ ಇದೆ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಎಲ್ಲ ಕಡೆ ಅದು ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳಲಾರೆ. ಆದರೂ ಲಕ್ಕುಂಡಿಯ ಒಬ್ಬ ಕೂಲಿ ಹೆಣ್ಣುಮಗಳಿಗೆ ಎದ್ದು ನಿಂತು “ನಮ್ಮ ಓಣಿಯ ನಳ ಯಾವಾಗ?” ಎಂದು ಕೇಳಲು ಕಾನೂನು ಒಂದು ಜಾಗ ಮಾಡಿಟ್ಟಿದೆ. ಬೆಂಗಳೂರಿನಂಥ ದೊಡ್ಡ ನಗರದವನಿಗೆ ವಾರ್ಡ್ ಸಮಿತಿ ಇದೆ. ಗದಗಿನ ಮುಳಗುಂದ ನಾಕಾದ ಹತ್ತಿರ ಮನೆ ಮಾಡಿಕೊಂಡವಳಿಗೆ ಎರಡೂ ಇಲ್ಲ. ಆಕೆ ಬೆಳಿಗ್ಗೆ ಸದಸ್ಯರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು, ಇಲ್ಲವಾದರೆ ಸುಮ್ಮನಿರಬೇಕು. ಹಳ್ಳಿಗೂ ಮಹಾನಗರಕ್ಕೂ ನಡುವೆ ಸಿಕ್ಕ ಊರುಗಳು ನಮ್ಮವು.

ನೆರೆಯ ಕೇರಳ ಈ ಸಂದನ್ನು ಮುಚ್ಚಿಕೊಂಡಿದೆ. ಅಲ್ಲಿಯ 1994ರ ಮುನಿಸಿಪಾಲಿಟಿ ಕಾಯ್ದೆಯಲ್ಲಿ 1 ಲಕ್ಷ ಮೀರದ ಊರುಗಳಿಗೂ ವಾರ್ಡ್ ಸಭೆ ಇದೆ, ಮತದಾರರೆಲ್ಲ ಅದರ ಸದಸ್ಯರು. ಕಾಸರಗೋಡು ಪಟ್ಟಣದ ನಮ್ಮ ಕನ್ನಡಿಗರು ತಮ್ಮ ವಾರ್ಡಿನ ಕೆಲಸಗಳ ಬಗ್ಗೆ ಸಭೆಯಲ್ಲಿ ಕೂತು ಮಾತಾಡಬಹುದು. ಗದಗಿನ ಕನ್ನಡಿಗರಿಗೆ ಅಂಥ ಹಕ್ಕು ಬೇಕು ಎಂದು ನಾವು ಕೇಳಿಯೇ ಇಲ್ಲ. ಸಹಕಾರ ಚಳವಳಿಗೆ 1905ರಲ್ಲಿ ಕಣಗಿನಹಾಳದಿಂದ ದಾರಿ ತೋರಿಸಿದ ನೆಲ ಇದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವುದು ಇಲ್ಲೇ, ನಾಗಾವಿಯಲ್ಲಿ. ಇಲ್ಲಿಂದ ಈ ಕೇಳಿಕೆ ಏಳದಿದ್ದರೆ ಇನ್ನೆಲ್ಲಿಂದ ಏಳಬೇಕು?

ಲಕ್ಷ್ಮೇಶ್ವರದ ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. ನಿಮ್ಮೂರು ಹಿಂದಿನ ಪುಲಿಗೆರೆ. ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, 8ನೇ ಶತಮಾನದ ಮೊದಲ ಭಾಗದಲ್ಲಿ, ಈ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ವ್ಯವಸ್ಥೆ ಬರೆಸಿಕೊಟ್ಟ. ಅರಸನ ಅಧಿಕಾರಿಗಳು ಊರಿನವರಿಗೆ ಏನು ನಡೆಸಿಕೊಡಬೇಕು, ಊರಿನವರು ಏನು ಕೊಡಬೇಕು, ಯಾವ ಅಂತಸ್ತಿನ ಮನೆತನ ಎಷ್ಟು ತೆರಬೇಕು, ಎಲ್ಲವೂ ಅದರಲ್ಲಿದೆ. ಅದನ್ನು ಕೆತ್ತಿದ್ದು ಕಲ್ಲಿನಲ್ಲಿ. ಆಗ ಓದುಬಲ್ಲವರು ಕೆಲವರೇ ಇದ್ದರು, ನಿಜ. ಆದರೂ ಆ ಕರಾರು ಯಾರದೋ ಕಪಾಟಿನಲ್ಲಿ ಉಳಿಯಲಿಲ್ಲ, ಊರ ಕಣ್ಣೆದುರು ನಿಂತಿತು. ಸಾವಿರದ ಮುನ್ನೂರು ವರ್ಷದ ಹಿಂದಿನ ಘರಪಟ್ಟಿಯ ಲೆಕ್ಕ ನಮಗೆ ಸಿಗುತ್ತದೆ. ಹೋದ ತಿಂಗಳ ಠರಾವು ಹುಡುಕಬೇಕಾದರೆ ಅರ್ಜಿ ಹಾಕಬೇಕು. ಇದು ನನ್ನನ್ನು ಬಹಳ ದಿನ ಕಾಡಿದೆ.

ನಾನು ಈ ದಾರಿಗೆ ಬಂದದ್ದು ಒಂದು ಗಟಾರದಿಂದ. ನೌಕರಿಯಲ್ಲಿದ್ದಾಗ ಒಂದು ಸಣ್ಣ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಊರಿನ ಹೆಸರು ಬೇಡ, ಅಂಥದ್ದು ಎಲ್ಲಿ ಬೇಕಾದರೂ ಆಗುತ್ತದೆ. ನಮ್ಮ ಓಣಿಯ ತುದಿಯಲ್ಲೇ ಶಾಲೆ. ಮಳೆ ಬಿದ್ದಾಗಲೆಲ್ಲ ಗಟಾರ ಉಕ್ಕಿ ಶಾಲೆಯ ಅಂಗಳಕ್ಕೆ ಬರುತ್ತಿತ್ತು. ಸಣ್ಣ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಆ ನೀರಲ್ಲೇ ಹಾದು ಒಳಗೆ ಬರುತ್ತಿದ್ದರು. ಓಣಿಯವರೆಲ್ಲ ಸೇರಿ ಮನವಿ ಕೊಟ್ಟೆವು. ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಂಡು ಬಂದೆವು. ವರ್ಷ ಕಳೆಯಿತು, ಮತ್ತೆ ಕೊಟ್ಟೆವು. ಎರಡನೇ ಮಳೆಗಾಲವೂ ಹೋಯಿತು. ಬಜೆಟ್ ಇಲ್ಲ ಎಂದರು, ನಾವು ನಂಬಿದೆವು.

ಆಮೇಲೆ ಒಬ್ಬ ಹಳೆಯ ವಿದ್ಯಾರ್ಥಿ, ನಿಮ್ಮ ಹಾಗೇ ಪರೀಕ್ಷೆಗೆ ಓದುತ್ತಿದ್ದವನು, ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಆ ಎರಡು ವರ್ಷದ ಸಾಮಾನ್ಯ ಸಭೆಗಳ ನಡಾವಳಿ ತೆಗೆಸಿದ. ನನ್ನ ಅಡುಗೆಮನೆಯ ನೆಲದ ಮೇಲೆ ಹಾಳೆಗಳನ್ನು ಹರವಿ ಇಬ್ಬರೂ ಓದಿದೆವು. ನಮ್ಮ ಗಟಾರಕ್ಕೆ ದುಡ್ಡು ಮಂಜೂರಾಗಿತ್ತು! ಮೊದಲ ಮನವಿ ಕೊಟ್ಟ ನಾಲ್ಕೇ ತಿಂಗಳಿಗೆ ಕ್ರಿಯಾ ಯೋಜನೆಯಲ್ಲಿ ಅದರ ಹೆಸರು ಇತ್ತು. ಅದಾದ ಮೂರನೇ ಸಭೆಯಲ್ಲಿ, ಕಟ್ಟಕಡೆಯ ವಿಷಯದ ಕೆಳಗೆ, ಸದರಿ ಕಾಮಗಾರಿ ಬದಲಾಯಿಸಿ ಬೇರೆ ವಾರ್ಡಿನ ಸಿಸಿ ರಸ್ತೆಗೆ ಮೊತ್ತ ಹಾಕಿಕೊಳ್ಳಲು ಸರ್ವಾನುಮತದಿಂದ ಒಪ್ಪಿದರು ಎಂದು ಬರೆದಿತ್ತು. ಮೂರೇ ಸಾಲು. ಆ ರಸ್ತೆಯೂ ಬೇಕಾದದ್ದೇ ಇದ್ದೀತು. ಯಾರೋ ದುಡ್ಡು ನುಂಗಿದರು ಎಂದು ಹೇಳಲು ನನ್ನಲ್ಲಿ ಆಧಾರ ಇಲ್ಲ, ಹೇಳುವುದೂ ಇಲ್ಲ. ನನ್ನ ಎದೆಗೆ ತಾಗಿದ್ದು ಸಭೆಯ ತಾರೀಖು ಮತ್ತು ವೇಳೆ. ಅವತ್ತು ಆ ಹೊತ್ತಿಗೆ ನಾನು ನಾಲ್ಕು ಫರ್ಲಾಂಗು ದೂರದಲ್ಲಿ ಕೂತು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಒಬ್ಬರು, ಒಬ್ಬರೇ ಒಬ್ಬರು ನಮ್ಮ ಓಣಿಯವರು ಆ ಹಾಲಿನ ಹಿಂದಿನ ಕುರ್ಚಿಯಲ್ಲಿ ಇದ್ದಿದ್ದರೆ ಆ ಸಂಜೆಯೇ ನಮಗೆ ಗೊತ್ತಾಗುತ್ತಿತ್ತು, ನಮ್ಮ ಸದಸ್ಯರನ್ನು ಕೇಳಬಹುದಿತ್ತು. ಎರಡು ಮಳೆಗಾಲ ಮಕ್ಕಳು ಹೊಲಸಿನಲ್ಲಿ ನಡೆದರು.

ಆ ಕಟ್ಟಕಡೆಯ ವಿಷಯಕ್ಕೆ ಒಂದು ಹೆಸರಿದೆ, ಅದನ್ನು ನೀವು ಗುರುತು ಹಿಡಿಯಬೇಕು. ಸಭೆಯ ಕಾರ್ಯಸೂಚಿ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ ನಮೂನೆ. ಮೊದಲು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಆಮೇಲೆ ಜಮಾ-ಖರ್ಚು. ಆಮೇಲೆ ಟೆಂಡರ್ ದರಗಳು, ಅಂಗಡಿ ಮಳಿಗೆಗಳ ಲೀಸು, ಲೇಔಟ್‌ಗಳು, ಕುಡಿಯುವ ನೀರು, ಬೀದಿ ದೀಪ. ಕೊನೆಗೆ “ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು”. ಈ ಕೊನೆಯ ಸಾಲು ಇರುವುದು ತುರ್ತಿಗಾಗಿ, ಮುಂಚೆ ಗೊತ್ತಿಲ್ಲದೆ ಬಂದ ಕೆಲಸಕ್ಕಾಗಿ. ಅದು ಬೇಕು. ಆದರೆ ಅಲ್ಲಿಗೆ ಬರುವ ಹೊತ್ತಿಗೆ ಪೇಪರಿನವರು ಎದ್ದು ಹೋಗಿರುತ್ತಾರೆ, ಅರ್ಧ ಸದಸ್ಯರು ಚಹಾಕ್ಕೆ ಇಳಿದಿರುತ್ತಾರೆ. ಕಾರ್ಯಸೂಚಿಯಲ್ಲಿ ಹೆಸರಿಲ್ಲದ ವಿಷಯವನ್ನು ಯಾರೂ ಓದಿಕೊಂಡು ಬಂದಿರುವುದಿಲ್ಲ. ನಾನು ಕಂಡ ಮಟ್ಟಿಗೆ ನಡಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಕೊಟ್ಟು ಓದಬೇಕಾದ ಪುಟ ಅದೇ.

ಇನ್ನೊಂದು ಮಾತು “ಘಟನೋತ್ತರ ಮಂಜೂರಾತಿ”. ಕೆಲಸ ಆಗಿದೆ, ದುಡ್ಡು ಖರ್ಚಾಗಿದೆ, ಈಗ ಒಪ್ಪಿಗೆ ಕೊಡಿ ಎಂದು ಅರ್ಥ. ಪೈಪ್ ಒಡೆದಾಗ ಸಭೆ ಸೇರುವ ತನಕ ಕಾಯಲಾಗದು, ಹಾಗಾಗಿ ಇದಕ್ಕೂ ಜಾಗ ಬೇಕು. ಒಂದು ವರ್ಷದಲ್ಲಿ ಎಷ್ಟು ಸಲ, ಎಷ್ಟು ಮೊತ್ತಕ್ಕೆ ಆ ಮಾತು ಬಂತು ಎಂದು ಮಾತ್ರ ಎಣಿಸಿ. ಸೂಚಕರು ಯಾರು, ಅನುಮೋದಕರು ಯಾರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಎರಡು ವರ್ಷದ ನಡಾವಳಿ ಓದಿದರೆ ನಿಮ್ಮ ವಾರ್ಡಿನ ಸದಸ್ಯರು ಎಷ್ಟು ಸಲ ಬಾಯಿ ತೆರೆದಿದ್ದಾರೆ ಎಂದು ಕಾಣುತ್ತದೆ. ಎಲ್ಲರೂ ಬೈಯುವ ಕೆಲವು ಸದಸ್ಯರು ಒಂದೇ ಓಣಿಯ ನೀರಿಗಾಗಿ ಐದಾರು ಸಭೆಯಲ್ಲಿ ಎದ್ದು ಮಾತಾಡಿದ್ದನ್ನು ನಾನು ಓದಿದ್ದೇನೆ. ಅದೂ ಊರಿಗೆ ಗೊತ್ತಾಗಬೇಕು. ನಿಗಾ ಇಡುವುದು ಎಂದರೆ ತಪ್ಪು ಹಿಡಿಯುವುದು ಎಂದು ತಿಳಿದವರಿದ್ದಾರೆ. ಒಳ್ಳೆಯದನ್ನು ಮಾಡಿದವರಿಗೆ ಸಾಕ್ಷಿ ಇಲ್ಲದಿರುವುದೂ ನಮ್ಮೂರುಗಳ ಒಂದು ದೊಡ್ಡ ಕೊರತೆ.

ಠರಾವಿನ ಒಂದು ಹಾಳೆಗೆ ಎಷ್ಟು ತೂಕ ಎಂದು ಗದಗಿನವರಿಗೆ ವಕಾರಸಾಲು ಕಲಿಸಿದೆ. ಹತ್ತಿ ವ್ಯಾಪಾರದ ಕಾಲದಲ್ಲಿ ವಖಾರಗಳು ನಿಂತಿದ್ದ ಆ ಜಾಗ ಪೇಟೆಯ ನಡುವಿನದು, ನಗರಸಭೆಯದು, ಅಂದರೆ ನಮ್ಮೆಲ್ಲರದು. ಆ ಜಾಗದ ಲೀಸು ಮುಂದುವರಿಸಿದ ಠರಾವೇ ನಕಲಿ, ಅಧಿಕಾರಿಯ ಸಹಿಯೂ ನಕಲಿ ಎಂಬ ದೂರು 2024ರಲ್ಲಿ ಪೊಲೀಸ್ ಠಾಣೆಗೆ ಹೋಯಿತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಅದೇ ಜಾಗಕ್ಕೆ ಪ್ರತ್ಯೇಕ ಪ್ರಾಧಿಕಾರ ಮಾಡುವ ಮಸೂದೆ ವಿಧಾನಮಂಡಲದ ತನಕ ಹೋಯಿತು. ನಾನು ಯೋಚಿಸುವುದು ಇಷ್ಟು: ಪ್ರತಿ ಸಭೆಗೂ ಊರಿನ ನಾಲ್ಕು ಜನ ಕೂತು ಯಾವ ವಿಷಯ ಬಂತು, ಏನು ತೀರ್ಮಾನ ಆಯಿತು ಎಂದು ತಮ್ಮ ತಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರೆ, “ಇಂಥ ಠರಾವು ಆಗಿತ್ತೋ ಇಲ್ಲವೋ” ಎಂಬ ಪ್ರಶ್ನೆಗೆ ಅದೇ ದಿನ ಉತ್ತರ ಸಿಗುತ್ತಿತ್ತು. 1859ರಿಂದ ಮುನಿಸಿಪಾಲಿಟಿ ಇರುವ ಊರಿದು. ಇಷ್ಟು ಹಳೆಯ ಸಂಸ್ಥೆಯ ನೆನಪು ಒಂದು ರಿಜಿಸ್ಟರಿನ ಮೇಲೆ, ಒಂದು ಸಹಿಯ ಮೇಲೆ ನಿಲ್ಲಬಾರದು.

ಸಭೆಯೇ ಇಲ್ಲದ ಕಾಲವೂ ಬರುತ್ತದೆ, ಅದು ಇನ್ನೂ ಕಷ್ಟದ್ದು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳು ಸದಸ್ಯರನ್ನು ಆರಿಸಿದವು. ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟು ಹತ್ತಿ ಕೂತದ್ದರಿಂದ ಆ ಕುರ್ಚಿಗಳು ತುಂಬಿದ್ದು 2020ರ ಕೊನೆಗೆ. ಅಲ್ಲಿಯ ತನಕ ಗೆದ್ದವರು ಮನೆಯಲ್ಲಿ, ಆಡಳಿತಾಧಿಕಾರಿಗಳು ಕಚೇರಿಯಲ್ಲಿ. ಗದಗ-ಬೆಟಗೇರಿಯ 35 ವಾರ್ಡುಗಳಿಗೂ ಹಿಂದಿನ ಅವಧಿ ಮುಗಿದು ಬಹಳ ಕಾಲದ ಮೇಲೆ, 2021ರ ಡಿಸೆಂಬರ್ 27ರಂದು ಮತದಾನ ಆಯಿತು. ನಳಕ್ಕೆ ವಾರಗಟ್ಟಲೆ ನೀರು ಬರದಿದ್ದರೆ ನಾವು ಕೊಡ ಹಿಡಿದು ರಸ್ತೆಗೆ ಇಳಿಯುತ್ತೇವೆ. ವರ್ಷಗಟ್ಟಲೆ ಸಭೆ ನಡೆಯದಿದ್ದಾಗ ಒಬ್ಬರೂ ಇಳಿಯಲಿಲ್ಲ. ನೀರು ಬಾರದ್ದಕ್ಕೂ ಸಭೆ ಇಲ್ಲದ್ದಕ್ಕೂ ಇರುವ ಸಂಬಂಧವನ್ನು ನಮಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಮಾಸ್ತರಿಕೆ ಮಾಡಿದ ನಾವೇ ತೋರಿಸಬೇಕಿತ್ತು.

ಈಗ ನಾನು ನಿಮ್ಮಿಂದ ಕೇಳುವುದಕ್ಕೆ ಬರುತ್ತೇನೆ. ನಿಮ್ಮ ಓದು ಹಾಳಾಗುವಷ್ಟು ದೊಡ್ಡದೇನೂ ಅಲ್ಲ.

1964ರ ಕರ್ನಾಟಕ ಮುನಿಸಿಪಾಲಿಟಿಗಳ ಕಾಯ್ದೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಮೂರಕ್ಕೂ ಒಂದೇ. ಅದರ ಪ್ರಕಾರ ತಿಂಗಳಿಗೆ ಒಂದಾದರೂ ಸಾಮಾನ್ಯ ಸಭೆ ಆಗಬೇಕು. ಗುಟ್ಟಾಗಿ ಚರ್ಚಿಸಬೇಕು ಎಂದು ತೀರ್ಮಾನಿಸಿದ ವಿಷಯ ಬಿಟ್ಟರೆ ಆ ಸಭೆಯ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು. ನಿಮ್ಮ ಗ್ರಂಥಾಲಯದ ಮೇಜಿನಲ್ಲಿ ಆರು ಜನ ಕೂರುತ್ತೀರಿ ಎಂದುಕೊಳ್ಳಿ. ಪಾಳಿಯ ಮೇಲೆ ಒಬ್ಬರು ಹೋದರೆ ಒಬ್ಬೊಬ್ಬರಿಗೆ ಬರುವುದು ವರ್ಷಕ್ಕೆ ಎರಡು ಸಭೆ. ಹೋಗಿ ಸುಮ್ಮನೆ ಕೂರಿ, ಬರೆಯಿರಿ. ಯಾರಾದರೂ “ಯಾಕ್ ಬಂದೀಯಪ್ಪಾ?” ಎಂದು ಕೇಳಿದರೆ “ನೋಡಾಕ್ ಬಂದೇನ್ರೀ” ಎನ್ನಿ. ಮರುದಿನ ಅದೇ ಮೇಜಿನಲ್ಲಿ ಉಳಿದ ಐವರಿಗೆ ಓದಿ ಹೇಳಿ. ನಡಾವಳಿಯ ಪ್ರತಿ ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಸಿಬ್ಬಂದಿಯ ಜೊತೆ ಮಾತು ಮಾತ್ರ ಮೆತ್ತಗಿರಲಿ. ಅವರು ಕಡಿಮೆ ಜನ, ಕೆಲಸ ಬಹಳ. ನಾಳೆ ಪರೀಕ್ಷೆ ಪಾಸಾಗಿ ಅದೇ ಕುರ್ಚಿಯಲ್ಲಿ ಕೂರುವವರು ನೀವೇ.

ಏಪ್ರಿಲ್ ತಿಂಗಳಲ್ಲಿ ಶೇ 5 ರಿಯಾಯಿತಿಗಾಗಿ ಆಸ್ತಿ ತೆರಿಗೆ ಕಟ್ಟುವ ಕಿಟಕಿಯ ಮುಂದೆ ಸಾಲು ನಿಲ್ಲುತ್ತದೆ. ಆ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಎಂದು ಕೇಳುವ ಬಜೆಟ್ ಪೂರ್ವಭಾವಿ ಸಭೆ ಅದಕ್ಕೂ ಮುಂಚೆ ಕರೆಯುತ್ತಾರೆ, ಸಾರ್ವಜನಿಕರ ಸಲಹೆ ಕೇಳಬೇಕೆಂದು 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳೇ ಹೇಳುತ್ತವೆ. ನಾನು ಹೋದ ಸಭೆಗಳಲ್ಲಿ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಲ್ಲಿಗೆ ನಿಮ್ಮ ಅವ್ವನನ್ನು, ಪಕ್ಕದ ಮನೆಯ ಕಾಕಾನನ್ನು ಕರೆದುಕೊಂಡು ಹೋಗಿ. ಊರಿನ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕಾದ ಹಣ. ಹಿಂದಿನ ವರ್ಷದ್ದು ಎಷ್ಟು ಖರ್ಚಾಯಿತು, ಯಾರಿಗೆ ಮುಟ್ಟಿತು, ಎಷ್ಟು ಉಳಿಯಿತು ಎಂದು ಕೇಳಿ. ಈ ಅಂಕಿಗಳನ್ನು ಬಲ್ಲವರು ಕಚೇರಿಯ ಒಳಗಿದ್ದಾರೆ, ಆ ಹಣ ಬೇಕಾದವರು ಹೊರಗಿದ್ದಾರೆ. ನಡುವೆ ನಿಲ್ಲಬಲ್ಲವರು ನೀವು. ಹೊಲಿಗೆ ಯಂತ್ರಕ್ಕೆ, ವಿದ್ಯಾರ್ಥಿ ಸಹಾಯಧನಕ್ಕೆ ಅರ್ಜಿ ಕರೆದ ನೋಟಿಸು ಫಲಕದಲ್ಲೇ ಹಳದಿಯಾಗಿ ಉದುರಿದ್ದನ್ನು ನಾನು ಕಂಡಿದ್ದೇನೆ. ಅದನ್ನು ಓದಿ ಹೇಳುವವರು ಇಲ್ಲದೆ ಆ ಓಣಿಯಿಂದ ಒಂದು ಅರ್ಜಿಯೂ ಹೋಗಲಿಲ್ಲ.

ಇನ್ನೊಂದನ್ನು ನಿಮ್ಮ ಸದಸ್ಯರ ಹತ್ತಿರ ಕೇಳಿ: ವರ್ಷಕ್ಕೆ ಎರಡು ಸಲ ವಾರ್ಡಿನ ಜನರನ್ನು ಗುಡಿಯ ಕಟ್ಟೆಗೋ ಶಾಲೆಯ ಅಂಗಳಕ್ಕೋ ಕರೆದು ಕೂರಿಸಿ ಲೆಕ್ಕ ಹೇಳಲಿ. ಸಂವಿಧಾನ ನಮ್ಮಂಥ ಊರಿಗೆ ಅದನ್ನು ಕಡ್ಡಾಯ ಮಾಡದಿರಬಹುದು. ಮಾಡಬೇಡಿ ಎಂದು ಎಲ್ಲೂ ಹೇಳಿಲ್ಲ. ಒಬ್ಬ ಸದಸ್ಯ ಶುರು ಮಾಡಿದರೆ ಪಕ್ಕದ ವಾರ್ಡಿನವರು “ನಮ್ಮಲ್ಲಿ ಯಾಕಿಲ್ಲ?” ಎಂದು ಕೇಳುತ್ತಾರೆ. ಕಾಯ್ದೆ ಆಮೇಲೆ ಬರಲಿ.

ಆ ಗಟಾರದ ಹಾಳೆಗಳನ್ನು ತೆಗೆಸಿದ ಹುಡುಗನಿಗೆ ಮುಂದೆ ನೌಕರಿ ಆಯಿತು, ಬೇರೆ ಜಿಲ್ಲೆಗೆ ಹೋದ. ಹೋಗುವ ಮುಂಚೆ ತಾನು ಬರೆದಿಟ್ಟಿದ್ದ ನೋಟುಬುಕ್ಕನ್ನು ನನಗೆ ಕೊಟ್ಟ. ಇನ್ನೂರು ಪುಟದ ಪುಸ್ತಕ, ಅರವತ್ತು ಪುಟ ತುಂಬಿದೆ. ಎಡಕ್ಕೆ ತಾರೀಖು, ನಡುವೆ ವಿಷಯ, ಬಲಕ್ಕೆ ಏನಾಯಿತು ಎಂಬ ಕಾಲಂ. ಅಕ್ಷರ ದುಂಡಗಿದೆ, ನನ್ನ ಕೈಕೆಳಗೆ ಕಲಿತದ್ದು. ನನಗೀಗ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಆದರೂ ಗದಗ-ಬೆಟಗೇರಿ ನಗರಸಭೆಯ ಮುಂದಿನ ಸಾಮಾನ್ಯ ಸಭೆಯ ನೋಟಿಸು ಹಚ್ಚಿದ ಮೇಲೆ ಆ ದಿನ ಮುಳಗುಂದದ ಬಸ್ಸು ಹತ್ತಿ ಬರುತ್ತೇನೆ, ಆ ನೋಟುಬುಕ್ಕು ಚೀಲದಲ್ಲಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನಿಮ್ಮಲ್ಲಿ ಯಾರು ಮೊದಲು ಬರುತ್ತೀರೋ ಅವರು ಅರವತ್ತೊಂದನೇ ಪುಟದಿಂದ ಬರೆಯಿರಿ.

ನಿಮ್ಮ ಒಳಿತನ್ನು ಬಯಸುವ,
ಒಬ್ಬ ಹಳೆಯ ಅಕ್ಕೋರು
ಮಲ್ಲಸಮುದ್ರ